ಮೂರು ಸೀಸೆ ನಿದ್ದೆ

ಕೆಲಸದ ವೇಳೆಯಲ್ಲಿ ನಮ್ಮ ದೊಡ್ಡಪ್ಪನಷ್ಟು ಶ್ರದ್ಧೆಯಿಂದ ನಿದ್ದೆ ಮಾಡಿದ ಸರ್ಕಾರಿ ನೌಕರ ಇಡೀ ಮೈಸೂರು ಸೀಮೆಯಲ್ಲಿ ಇನ್ನೊಬ್ಬನಿರಲಾರ. ಅದರಿಂದಲೇ ಅವರಿಗೆ ಒಳ್ಳೆಯ ಹೆಸರು ಬಂತು ಎಂದರೆ ನಂಬುತ್ತೀರಾ?

ಅವರು ಶಾಲಾ ಇನ್ಸ್‌ಪೆಕ್ಟರು. ಮುಳಬಾಗಿಲಿನಲ್ಲಿ ಮನೆ. ತಪಾಸಣೆಗೆ ಹೋದಲ್ಲಿ ರುಮಾಲು ತೆಗೆದು ಮೇಜಿನ ಮೇಲಿಟ್ಟು, ಕುರ್ಚಿಗೆ ಒರಗಿ, ಮಗ್ಗಿ ಹೇಳಿಸಿ ಎನ್ನುವರು. ಎರಡರ ಮಗ್ಗಿ ಮುಗಿಯುವ ಹೊತ್ತಿಗೆ ಕಣ್ಣು ಮುಚ್ಚಿರುತ್ತಿತ್ತು, ನಾಲ್ಕಕ್ಕೆ ಸಣ್ಣಗೆ ಗೊರಕೆ. ಆದರೆ ಯಾವನಾದರೂ ಒಂದು ತಪ್ಪು ಹೇಳಿದನೋ, ಕಣ್ಣು ತೆರೆದು ಸರಿಯುತ್ತರ ಹೇಳಿ ಮತ್ತೆ ಮುಚ್ಚುವರು. ದೇವರಾಯಸಮುದ್ರದ ಮೇಷ್ಟರು ಇದನ್ನು ಕಂಡು, ಸಾಹೇಬರದು ಯೋಗನಿದ್ರೆ ಎಂದು ತಾಲ್ಲೂಕೆಲ್ಲ ಹೇಳಿಕೊಂಡು ಬಂದರಂತೆ. ಈ ‘ಅಂತೆ’ಯನ್ನು ಬೇಕೆಂದೇ ಹಾಕಿದ್ದೇನೆ. ನಾನು ಕಂಡದ್ದು ಯಾವುದು, ದೊಡ್ಡಮ್ಮ ಹೇಳಿ ನಾನು ಕಂಡಂತಾದದ್ದು ಯಾವುದು ಎಂದು ಬೇರ್ಪಡಿಸುವುದು ಈಗ ನನ್ನಿಂದಾಗದು.

ಒಂದು ದಿನ ರಿಟೈರಾದರು. ಮಗ್ಗಿ ನಿಂತಿತು, ನಿದ್ದೆಯೂ ನಿಂತಿತು. ಇವೆರಡಕ್ಕೂ ಸಂಬಂಧವಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಬಿ.ಎ.ಗೆ ತರ್ಕಶಾಸ್ತ್ರ ಓದುತ್ತಿದ್ದ ನನಗಂತೂ ಹೊಳೆಯಲೇ ಇಲ್ಲ.

ಊರಿನ ಡಾಕ್ಟರು ನಿದ್ದೆಯ ಮಿಕ್ಸ್ಚರು ಕೊಟ್ಟರು. ಸೀಸೆಯ ಪಕ್ಕಕ್ಕೆ ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿರುತ್ತಿದ್ದರಲ್ಲ, ಅದರಲ್ಲಿ ಒಂದು ಕಚ್ಚಿನಿಂದ ಇನ್ನೊಂದಕ್ಕೆ ಒಂದು ಡೋಸು. ಮೊದಲ ಡೋಸಿಗೆ ದೊಡ್ಡಪ್ಪ ಹನ್ನೊಂದು ಗಂಟೆ ಮಲಗಿದರು. ದೊಡ್ಡಮ್ಮ ಮೂರು ಸಲ ಮೂಗಿನ ಬಳಿ ಕೈ ಹಿಡಿದು ನೋಡಿದಳು. ತಿಂಗಳಾಗುವಷ್ಟರಲ್ಲಿ ಹನ್ನೊಂದು ಆರಾಯಿತು, ಆರು ಮೂರಾಯಿತು. ಬೇರೆಯವರಾಗಿದ್ದರೆ ಡಾಕ್ಟರ ಬಳಿ ಹೋಗುತ್ತಿದ್ದರು. ದೊಡ್ಡಪ್ಪ ಕತ್ತರಿ ತೆಗೆದುಕೊಂಡರು. ಪಟ್ಟಿಯನ್ನು ಕಿತ್ತು, ಕಚ್ಚುಗಳನ್ನು ಅಗಲಿಸಿದ ತಮ್ಮದೇ ಪಟ್ಟಿಯನ್ನು ಗೋಂದು ಹಚ್ಚಿ ಅಂಟಿಸಿದರು.

“ಇವರ ಅಳತೆ ತಪ್ಪು ಕಣೋ,” ಎಂದು ನನಗೆ ತೋರಿಸಿದರು. “ತಿದ್ದಿದೀನಿ.”

ಎಂಟು ಡೋಸಿನ ಸೀಸೆ ಆರಾಯಿತು, ಆರು ನಾಲ್ಕಾಯಿತು. ನಾಲ್ಕು ದಿನಕ್ಕೇ ಸೀಸೆ ಖಾಲಿಯಾದರೆ ಡಾಕ್ಟರು ಕೇಳುವುದಿಲ್ಲವೇ? ಅದಕ್ಕೆ ಶ್ರೀನಿವಾಸಪುರದ ಡಾಕ್ಟರ ಹತ್ತಿರ ತಮಗೆ ನಿದ್ದೆಯೇ ಬರುವುದಿಲ್ಲವೆಂದು ಹೊಸದಾಗಿ ಹೇಳಿಕೊಂಡು ಎರಡನೆಯ ಸೀಸೆ ತಂದರು. ಮೂರನೆಯದು ಮಾಲೂರಿನದು. ಅಲ್ಲಿ ಮಗಳ ಮನೆಯಿತ್ತು. ಯುದ್ಧಕಾಲದ ಆ ಇದ್ದಿಲು ಬಸ್ಸಿನಲ್ಲಿ, ಮೈಯೆಲ್ಲ ಮಸಿ ಮಾಡಿಕೊಂಡು, ಹದಿನೈದು ದಿನಕ್ಕೊಮ್ಮೆ ಹೋಗಿಬರುತ್ತಿದ್ದರು. ಮೊಮ್ಮಕ್ಕಳ ಮೇಲೆ ಈ ಮುದುಕರಿಗೆ ಎಂಥ ಪ್ರೀತಿ ಎಂದು ಮಾಲೂರಿನವರು ಮೆಚ್ಚಿಕೊಂಡರು.

ಹೀಗಿರುವಾಗ ಅವರಿಗೆ ಹರ್ನಿಯಾ ಆಯಿತು. ಆಪರೇಷನ್ನೇ ಆಗಬೇಕೆಂದು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕ್ಲೋರೋಫಾರಂ ಕೊಡಬೇಕಲ್ಲ, ಅಲ್ಲಿನ ಡಾಕ್ಟರು ನಿದ್ದೆಯ ಔಷಧಿ ಏನಾದರೂ ತೆಗೆದುಕೊಳ್ಳುವ ರೂಢಿಯಿದೆಯೇ ಎಂದು ಕೇಳಿದರು. ಎಂದಾದರೊಮ್ಮೆ ಒಂದು ಡೋಸು ಎಂದರು ದೊಡ್ಡಪ್ಪ. ಸುಳ್ಳು ಹಾಜರಿ ಹಾಕಿದ ಮೇಷ್ಟರುಗಳನ್ನು ಮೂವತ್ತು ವರ್ಷ ಹಿಡಿದ ಮನುಷ್ಯ!

ದೊಡ್ಡಮ್ಮನ ಮುಖ ಬಿಳಿಚಿತು. ಪರರ ಎದುರು ಗಂಡನ ಮರ್ಯಾದೆ ತೆಗೆಯಬಾರದೆಂದು ಮೆಲ್ಲಗೆ ತೆಲುಗಿನಲ್ಲಿ, “ಮೂಡು ಸೀಸಾಲನಿ ಚೆಪ್ಪಂಡಿ,” ಎಂದಳು. ಮೂರು ಸೀಸೆ ಅಂತ ಹೇಳಿ ಎಂದು.

ಡಾಕ್ಟರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ, ನಗುತ್ತ “ಮೂಡಾ?” ಎಂದರು.

ಕೋಲಾರದ ಕಡೆ ಗುಟ್ಟು ಮುಚ್ಚಲು ತೆಲುಗಾಡುವುದೂ ಒಂದೇ, ಡಂಗುರ ಹೊಡೆಸುವುದೂ ಒಂದೇ. ಇನ್ನು ಮುಚ್ಚುಮರೆ ಏಕೆಂದು ದೊಡ್ಡಮ್ಮ ಚೀಲದಿಂದ ಮೂರು ಸೀಸೆಗಳನ್ನೂ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಡಾಕ್ಟರು ಅಗಲಿಸಿದ ಕಚ್ಚುಗಳ ಮೇಲೆ ಬೆರಳಾಡಿಸಿದರು. ಅವರ ಮುಖದ ನಗು ಹೋಯಿತು.

“ನೀವು ಒಂದು ಶಾಲೆಗೆ ಮೊದಲನೇ ಸಲ ಹೋದಾಗ ಹುಡುಗರು ಹೆಂಗಿರ್ತಾರೆ, ಸ್ವಾಮಿ?”

“ಉಸಿರು ಬಿಡಲ್ಲ.”

“ದಿನಾ ಹೋದ್ರೆ?”

ದೊಡ್ಡಪ್ಪ ಪ್ರಾಮಾಣಿಕವಾಗಿ ಯೋಚಿಸಿದರು. “ಹತ್ತನೇ ದಿನಕ್ಕೆ ಒಬ್ಬನೂ ತಲೆ ಎತ್ತಲ್ಲ.”

“ನಿಮ್ಮ ಮೈಯೂ ಅಷ್ಟೇ. ಔಷಧಿ ಕೆಟ್ಟಿಲ್ಲ, ಮೈ ಪಳಗಿದೆ. ಕ್ಲೋರೋಫಾರಂಗೂ ಸುಲಭಕ್ಕೆ ಬಗ್ಗಲ್ಲ, ಜಾಸ್ತಿ ಕೊಡಬೇಕಾಗುತ್ತೆ. ಆದ್ರೆ ಉಸಿರು ಅಷ್ಟೊಂದು ಪಳಗಿರಲ್ಲ. ಒಂದು ಡೋಸು ಅಂದಿದ್ದನ್ನ ನಂಬಿಕೊಂಡು ನಾಳೆ ನಿಮ್ಮನ್ನ ಮಲಗಿಸಿದ್ದಿದ್ರೆ...”

ಒಮ್ಮೆಗೇ ಬಿಟ್ಟರೂ ಅಪಾಯ, ಫಿಟ್ಸು ಬರಬಹುದಂತೆ. ವಾರವಾರವೂ ಸ್ವಲ್ಪಸ್ವಲ್ಪ ಇಳಿಸುತ್ತ ಬರಬೇಕು. ಆರು ವಾರದೊಳಗೆ ಸೀಸೆ ಬಿಡಿಸಿಕೊಂಡು ಬನ್ನಿ, ಹರ್ನಿಯಾ ಅದಕ್ಕಿಂತ ಹೆಚ್ಚು ಕಾಯುವುದಿಲ್ಲ ಎಂದರು.

ಈಗ ಅದೇ ಕತ್ತರಿಯಿಂದ ದೊಡ್ಡಪ್ಪನೇ ಕಚ್ಚುಗಳನ್ನು ಕಿರಿದು ಮಾಡಬೇಕಾಯಿತು. ಸೀಸೆ ದೊಡ್ಡಮ್ಮನ ವಶ. ದೊಡ್ಡಪ್ಪನ ಸಿಟ್ಟು ಮೂಗಿನ ತುದಿಯಲ್ಲಿರುತ್ತಿತ್ತು. ನಿದ್ದೆಯಿಲ್ಲದ ಇನ್ಸ್‌ಪೆಕ್ಟರು ಮನೆಯನ್ನೇ ತಪಾಸಣೆ ಮಾಡತೊಡಗಿದರು. ಉಪ್ಪಿನಕಾಯಿ ಜಾಡಿಗಳ ಮುಚ್ಚಳಗಳಿಗೂ ಷರಾ ಬರೆದರು. ಮೂರನೆಯ ವಾರ, ಸತ್ತರೂ ಸರಿ, ಹಳೆಯ ಪಟ್ಟಿ ತಾ ಎಂದು ಹಟ ಹಿಡಿದರು.

ಅಂದು ಮಧ್ಯಾಹ್ನ ದೊಡ್ಡಮ್ಮ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕಾಯಿ ಸುಲಿಯುತ್ತಲೇ, “ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು,” ಎಂದು ಶುರುಮಾಡಿದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನೂ ಅವಳ ಮಗಳೂ ಚಿಕ್ಕಂದಿನಲ್ಲಿ ದೀಪದೆದುರು ಕೂತು ಅರಚುತ್ತಿದ್ದುದನ್ನು ಅಡಿಗೆಮನೆಯಿಂದ ಕೇಳಿ ಕಲಿತದ್ದು. ದೊಡ್ಡಪ್ಪ ಗೋಡೆಗೆ ಒರಗಿದರು. ಐದರ ಮಗ್ಗಿಗೆ ಕುತ್ತಿಗೆ ವಾಲಿತು.

ಅಲ್ಲಿ ನಾನಿದ್ದೆ ಎಂದು ನನ್ನ ನೆನಪು. ಡೈರಿ ನೋಡಿದರೆ ಆ ವಾರ ನಾನು ಬೆಂಗಳೂರಿನಲ್ಲಿದ್ದೆ. ಡೈರಿಯನ್ನೇ ನಂಬಬೇಕು. ಆದರೆ ಅವರೆಕಾಯಿಯ ಸೊಗಡು ಡೈರಿಯಲ್ಲಿಲ್ಲ, ನನ್ನ ಮೂಗಿನಲ್ಲಿದೆ. ಏನು ಮಾಡಲಿ?

“ಏಳೆಂಟ್ಲ ಐವತ್ತೆಂಟು,” ಎಂದಳು ದೊಡ್ಡಮ್ಮ.

ದೊಡ್ಡಪ್ಪ ಕಣ್ಣು ತೆರೆದರು. “ಐವತ್ತಾರು ಕಣೇ.” ಮತ್ತೆ ಮುಚ್ಚಿದರು.

ಆ ತಪ್ಪನ್ನು ದೊಡ್ಡಮ್ಮ ಮುಂದೆ ತಿದ್ದಿಕೊಳ್ಳಲಿಲ್ಲ. ಅದೇ ಅವಳ ಥರ್ಮಾಮೀಟರಾಯಿತು. ಐವತ್ತೆಂಟು ಅಂದಾಗ ಗಂಡ ತಿದ್ದಿದರೆ ನಿದ್ದೆ ಇನ್ನೂ ಮೇಲುಮೇಲಿನದು, ಮತ್ತೆ ಎರಡರಿಂದ ಶುರು. ತಿದ್ದದಿದ್ದರೆ ನಿಜವಾದ ನಿದ್ದೆ, ಎದ್ದು ತನ್ನ ಕೆಲಸಕ್ಕೆ ಹೋಗಬಹುದು. ಈ ಔಷಧಿಗೆ ಮಾತ್ರ ಅವರ ಮೈ ಪಳಗಲೇ ಇಲ್ಲ. ಮೂವತ್ತು ವರ್ಷ ಶಾಲೆಗಳಲ್ಲಿ ತೆಗೆದುಕೊಂಡಿದ್ದರೂ ಡೋಸು ಎರಡರಿಂದ ಏಳು, ಅಷ್ಟೇ.

ಆರನೆಯ ವಾರಕ್ಕೆ ಸೀಸೆ ಒಣಗಿತು. ಆಪರೇಷನ್ ದಿನ ಮೂಗಿಗೆ ಕ್ಲೋರೋಫಾರಂ ಹಿಡಿದು ಒಂದು ಎರಡು ಎಣಿಸಿ ಎಂದರೆ ದೊಡ್ಡಪ್ಪ ಮಗ್ಗಿ ಹೇಳಿದರಂತೆ. ಎಲ್ಲ ಸುಸೂತ್ರವಾಯಿತು, ಐದರ ಮಗ್ಗಿಗೇ ನಿದ್ದೆ ಹೋದರು ಎಂದು ಡಾಕ್ಟರು ಹೊರಗೆ ಬಂದು ಹೇಳಿದಾಗ ದೊಡ್ಡಮ್ಮ ಕೇಳಿದ್ದು ಒಂದೇ. “ಏಳರವರೆಗೂ ಹೋಗಲಿಲ್ಲ ತಾನೇ?”

ಆಮೇಲೆ ಕೆಲವು ವರ್ಷ ಸೀಸೆಯ ಹಂಗಿಲ್ಲದೆ ಬದುಕಿದರು. ಹೋದದ್ದು ಒಂದು ಬೆಳಿಗ್ಗೆ, ಕಾಫಿ ಕುಡಿದು ಒರಗಿದ್ದಾಗ. ಊರಿನ ಡಾಕ್ಟರು ಬಂದು ನಾಡಿ ನೋಡಿ, ಕೈಯನ್ನು ಮೆಲ್ಲಗೆ ಕೆಳಗಿಟ್ಟರು. ಅಂದು ನಾನು ಡೈರಿ ಬರೆಯಲಿಲ್ಲ, ಆದ್ದರಿಂದ ಇದೊಂದನ್ನು ನೆನಪಿನ ಮೇಲೆಯೇ ನಂಬಬೇಕು. ದೊಡ್ಡಮ್ಮ ಎಲ್ಲರಿಗೂ ಸುಮ್ಮನಿರಿ ಎಂದು ಕೈಸನ್ನೆ ಮಾಡಿ, ಅವರ ಕಿವಿಯ ಹತ್ತಿರ ಬಾಗಿದಳು.

“ಏಳೆಂಟ್ಲ ಐವತ್ತೆಂಟು.”

ಕಾದಳು. ಇನ್ನೊಂದು ಸಲ ಹೇಳಿ ಮತ್ತೆ ಕಾದಳು. ಆಮೇಲೆ ಹೊದಿಕೆಯನ್ನು ಎದೆಯವರೆಗೆ ಎಳೆದು ಸರಿಮಾಡಿ, ಮೆಲ್ಲಗೆ ಹೇಳಿದಳು.

“ಐವತ್ತಾರು ಅಂತ ನಂಗೊತ್ತು ಕಣ್ರೀ.”