ಕೊನೆಯ ಬೆಂಚಿನ ಗಡಿಯಾರದವನು

ಬಿಸ್ಕತ್ತು ತಿನ್ನುತ್ತಲೇ ಕೇಳಿ, ತಾಯಾಣೆಗೂ ಇದು ನಡೆದದ್ದು. ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆ ಮಡಚಿಕೊಂಡು ಹೋಗಲಿ.

ನಮ್ಮ ಪ್ರಾರ್ಥನಾ ಮಂದಿರದ ಹಿರಿಯರಿಗೆ ಒಂದು ವರ್ಷ ಹೀಗೊಂದು ಹುಕಿ ಬಂತು. ಎಲ್ಲರ ಹೆಸರಿನ ಚೀಟಿಯನ್ನೂ ಡಬ್ಬಿಗೆ ಹಾಕಿದರು. ಯಾರ ಚೀಟಿ ಕೈಗೆ ಬಂತೋ ಅವರ ಬಗ್ಗೆ ತಿಳಿದುಕೊಂಡು, ಮುಂದಿನ ವಾರ ಸಭೆಯಲ್ಲಿ ನಿಂತು ಕೃತಜ್ಞತೆ ಹೇಳಬೇಕು.

ಗಡಿಯಾರ ರಿಪೇರಿಯವನಿಗೆ ಬಂದದ್ದು ಹೊಲಿಗೆಯಮ್ಮನ ಚೀಟಿ. ಆದರೆ ಅವನ ಜೀವವೆಲ್ಲ ಇದ್ದದ್ದು ತನ್ನ ಹೆಸರಿನ ಚೀಟಿ ಯಾರಿಗೆ ಬಂತೋ ಎಂಬುದರ ಮೇಲೆ. ಹನ್ನೊಂದು ವರ್ಷದಿಂದ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರೂ ಯಾರೂ ಮಾತಾಡಿಸಿದವರಿಲ್ಲ. ಹೆಂಡತಿ ತೀರಿಕೊಂಡಾಗ ಬಂದವರು ಇಬ್ಬರು. ಅದರಲ್ಲೊಬ್ಬ ಮನೆ ತಪ್ಪಿ ಬಂದವನು. ಒಂದು ಸಲ, ಒಂದೇ ಸಲ, ಯಾರಾದರೂ ತನ್ನ ಬಗ್ಗೆ ಒಳ್ಳೆಯ ಮಾತಾಡುವುದನ್ನು ಕೇಳಬೇಕೆಂದು ಆಸೆ.

ಸಭೆಯ ದಿನ ಬೆಳಿಗ್ಗೆ ಅಂಗಡಿಗೆ ಬೀಗ ಜಡಿದು ಹೊಲಿಗೆಯಮ್ಮನನ್ನು ಹುಡುಕಿಕೊಂಡು ಹೊರಟ. ಅವಳ ಅಂಗಡಿಗೂ ಬೀಗ.

"ಯಾರನ್ನೋ ಹುಡುಕ್ಕೊಂಡು ಹೋದ್ರು. ಅವರಕ್ಕನ್ನ ಕೇಳಿ," ಎಂದ ಪಕ್ಕದ ಕ್ಷೌರಿಕ.

ಅಕ್ಕ ಅವನನ್ನು ಸಂತೆಯ ಎತ್ತಿನಂತೆ ಸುತ್ತಿ ನೋಡಿದಳು. "ಹಲ್ಲು ನಿಮ್ಮದೇನಾ? ಈ ವಯಸ್ಸಲ್ಲಿ ನನ್ನ ತಂಗೀನ ಕೇಳೋಕೆ ಬಂದಿದೀರಲ್ಲ, ಧೈರ್ಯಾನೇ."

"ಅಯ್ಯೋ, ಮದುವೆಗಲ್ಲ ತಾಯಿ. ಕೃತಜ್ಞತೆ ಹೇಳೋಕೆ."

"ಯಾತಕ್ಕೆ?"

"ಅದನ್ನೇ ನಿಮ್ಮನ್ನ ಕೇಳೋಣ ಅಂತ."

ಅಕ್ಕ ಪೊರಕೆ ಹಿಡಿದೇ ಎಲ್ಲ ಹೇಳಿದಳು. ಅವನು ಬಾಗಿಲಾಚೆ ನಿಂತೇ ಕೇಳಿಸಿಕೊಂಡು, ಸಂಜೆ ಏದುಸಿರು ಬಿಡುತ್ತ ಮಂದಿರ ಸೇರಿ ಕೊನೆಯ ಬೆಂಚು ಹಿಡಿದ.

ಮೊದಲು ಎದ್ದವಳೇ ಹೊಲಿಗೆಯಮ್ಮ. "ನನಗೆ ಗಡಿಯಾರದವರ ಚೀಟಿ ಬಂದಿತ್ತು. ಇವತ್ತು ಅವರ ಅಂಗಡಿಗೆ ಹೋದೆ. ಬೀಗ. ಪಕ್ಕದ ಚಪ್ಪಲಿ ಅಂಗಡಿಯವರು, 'ಹನ್ನೊಂದು ವರ್ಷದಲ್ಲಿ ಹೆಂಡತಿ ಹೋದ ದಿನ ಬಿಟ್ರೆ ಒಂದಿನ ಬಾಗಿಲು ಹಾಕಿದವರಲ್ಲ, ಇವತ್ತು ಹಾಕಿದೆ ಅಂದ್ರೆ ಅರ್ಥ ಮಾಡ್ಕೊಳ್ಳಿ' ಅಂದ್ರು." ಸೆರಗಿನಿಂದ ಕಣ್ಣೊರೆಸಿದಳು. "ಅರ್ಥ ಮಾಡ್ಕೊಂಡೆ. ಹೋಗ್ಬಿಟ್ರು, ಪಾಪ."

ಗಡಿಯಾರದವನು ಅರ್ಧ ಎದ್ದ.

"ಒಬ್ಬರಿಗೂ ಒಂದು ಕೆಟ್ಟ ಮಾತಾಡಿದವರಲ್ಲ," ಎಂದಳು ಅವಳು.

ಅವನು ಮೆಲ್ಲಗೆ ಕೂತ.

"ನಮ್ಮತ್ತೆ ಗಡಿಯಾರ ಅವರು ಮುಟ್ಟಿದ್ದೇ ತಡ, ಇವತ್ತಿಗೂ ನಿಂತಿಲ್ಲ," ಎಂದರು ಯಾರೋ. ಆ ಗಡಿಯಾರವನ್ನು ಅವನು ಕಂಡೇ ಇರಲಿಲ್ಲ. ಆದರೂ ಗಳಗಳ ಅತ್ತ. ಸತ್ತದ್ದಕ್ಕೆ ಇಷ್ಟು ಸುಖವಿದೆಯೆಂದು ಗೊತ್ತಿರಲಿಲ್ಲ.

ಆಗ ಹಿರಿಯರು ಕೇಳಿದರು: "ಹೊಲಿಗೆಯಮ್ಮನ ಚೀಟಿ ಯಾರ ಹತ್ತಿರ ಇದೆ?"

ಯಾರೂ ಮಿಸುಕಲಿಲ್ಲ. ಹೊಲಿಗೆಯಮ್ಮ ತಲೆ ತಗ್ಗಿಸಿದಳು. ಆ ಬಗ್ಗಿದ ಕತ್ತು ಅವನಿಗೆ ತೀರ ಪರಿಚಯದ್ದು. ಹನ್ನೊಂದು ವರ್ಷ ತಾನೂ ಹಾಗೇ ಕೂತಿದ್ದ. ಹೋಗಲಿ, ಬದುಕಿಬಿಡೋಣ ಎಂದು ಎದ್ದು ನಿಂತ.

"ಈಯಮ್ಮ ಬೀದಿ ಮಕ್ಕಳ ಅಂಗಿ ಗಿಡ್ಡವಾದಾಗೆಲ್ಲ ಅಂಚು ಬಿಚ್ಚಿ ಉದ್ದ ಮಾಡ್ಕೊಡ್ತಾರೆ. ಕೇಳೋಕ್ಕೆ ಮುಂಚೇನೇ. ಇವರಿಗೆ ನಮ್ಮೆಲ್ಲರ ಕೃತಜ್ಞತೆ."

ಹೊಲಿಗೆಯಮ್ಮನ ಮುಖ ಅರಳಿತು. ನಾನೇ ಗಡಿಯಾರದವನು ಎನ್ನಲು ಅವನು ಬಾಯಿ ತೆರೆಯುವಷ್ಟರಲ್ಲಿ ಹಿರಿಯರು ಬಂದು ಹೆಗಲ ಮೇಲೆ ಕೈಯಿಟ್ಟರು.

"ಹೊಸಬರಾದ್ರೂ ಎಷ್ಟು ಚೆನ್ನಾಗಿ ತಿಳ್ಕೊಂಡಿದೀರಿ. ಇನ್ಮೇಲೆ ನೀವು ಈ ಬೆಂಚಲ್ಲೇ ಕೂತ್ಕೊಳ್ಳಿ. ಪಾಪ, ಗಡಿಯಾರದವರು ಹೋದ್ಮೇಲೆ ಹೇಗೂ ಖಾಲಿ."

ನಂಬಿಕೆ ಬರಲಿಲ್ಲವೇ? ಸರಿ, ನಿಮ್ಮ ಪಕ್ಕ ಕೂತವರ ಹೆಸರು ಹೇಳಿ ನೋಡೋಣ. ಹೇಳಲಾಗದಿದ್ದರೆ ಆ ಬಿಸ್ಕತ್ತಿನ ತಟ್ಟೆಯನ್ನು ತೆಪ್ಪಗೆ ಈ ಕಡೆ ತಳ್ಳಿ.