ಏಳನೇ ನಂಬರಿನ ಅಜ್ಜಿ

ಜವರಯ್ಯನಿಗೆ ಬೇಕಾಗಿದ್ದದ್ದು ಏಳನೇ ನಂಬರು ಒಂದೇ. ಮಾತಿಲ್ಲದ ಸಿನಿಮಾಗಳ ಕಾಲದ ಒಬ್ಬ ತಾರೆ ಒಂದೇ ಕುರ್ಚಿಯಲ್ಲಿ, ಒಂದೇ ಪರದೆಯ ಮುಂದೆ, ಒಂದೇ ಹಾಗೆ ಕೂತು, ಮುಖಭಾವ ಮಾತ್ರ ಬದಲಿಸಿ ತೆಗೆಸಿಕೊಂಡ ಹನ್ನೆರಡು ಪೋಸ್ಟ್‌ಕಾರ್ಡುಗಳವು. ನಂಬರು ಹಿಂಬದಿಯಲ್ಲಿ ಮಾತ್ರ. ಹುಣಸೂರಿನ ಕಚೇರಿಯೊಂದರ ಈ ಗುಮಾಸ್ತ ಒಂಬತ್ತು ವರ್ಷ ಗುಜರಿ ಅಂಗಡಿಗಳ ಧೂಳು ಕುಡಿದು ಹನ್ನೊಂದನ್ನು ಸೇರಿಸಿದ್ದ. ಆಲ್ಬಮ್ಮಿನ ಖಾಲಿ ಜಾಗ ಬಿದ್ದ ಹಲ್ಲಿನ ಸಂದಿಯ ಹಾಗೆ ಅವನನ್ನು ಕಾಡುತ್ತಿತ್ತು.

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಅವನ ಈ ಹುಚ್ಚು ಬಲ್ಲ ಡಿಶ್ ರಿಪೇರಿಯ ಮಲ್ಲೇಶ ಗಾವಡಗೆರೆಯಿಂದ ಮೊಬೈಲಿಗೆ ಒಂದು ಚಿತ್ರ ಕಳಿಸಿದ. ಯಾರದೋ ಮನೆಯ ಹಿರಿಯರ ಹಬ್ಬದಲ್ಲಿ, ಗಾಜಿನ ಕಟ್ಟಿನೊಳಗೆ, ಅದೇ ಕುರ್ಚಿ, ಅದೇ ಪರದೆ. ಮುಖ ಮಾತ್ರ ಕುಂಕುಮದಲ್ಲಿ ಹೂತುಹೋಗಿತ್ತು. 'ಇವತ್ತೊಂದಿನ ಈಚೆ ಇಡ್ತಾರೆ, ನಾಳೆ ಟ್ರಂಕಿಗೆ' ಎಂದು ಬರೆದಿದ್ದ. ಹನ್ನೊಂದು ಇರುವವನಿಗೆ ಸಿಗುವುದು ಹನ್ನೆರಡನೆಯದೇ ಎಂದು ಜವರಯ್ಯ ನಂಬಿಬಿಟ್ಟ.

"ಭಾನ್ವಾರವೇ ನಮ್ಮನೆ ಹಬ್ಬ ಮುಗ್ದದೆ, ದೊಡ್ಡ ಪಾತ್ರೆಗಳ್ನ ಅಟ್ಟಕ್ಕೆ ಏರ್ಸಿ ಅಂದ್ರೆ ಎಲ್ಗೋಯ್ತಿದ್ದೀರಿ?" ಎಂದು ಹೆಂಡತಿ ಪ್ರೇಮಮ್ಮ ಕೇಳುವಷ್ಟರಲ್ಲಿ ಸ್ಕೂಟರು ಬೀದಿ ದಾಟಿತ್ತು.

ಗಾವಡಗೆರೆಯ ಆ ಮನೆಯ ಯಜಮಾನಿ ಬೀರಮ್ಮ, ಬಂದವನು ಯಾರೆಂದು ಕೇಳುವ ಮೊದಲೇ ಎಲೆಯ ಮುಂದೆ ಕೂರಿಸಿದಳು. "ಎಡೆ ಇಕ್ಕಿರೋ ಮನೆಗೆ ಬಂದು ಉಣ್ಣದೆ ಓಗಬಾರ್ದು ಕಣಪ್ಪ."

ಎರಡು ಸಲ ಬಾಡು ಬಡಿಸಿಕೊಂಡ ಮೇಲೆ ಜವರಯ್ಯ ಬಾಯಿ ಬಿಟ್ಟ. "ಈ ಫೋಟೋ ಯಾರ್ದಮ್ಮ?"

"ನಮ್ಮ ಮಾವನೋರ ಅವ್ವ. ಮುತ್ತೈದೆ ಸಾವು. ಅದ್ಕೇ ಆಯಮ್ಮನ ಕುಂಕುಮ ಯಾವತ್ತೂ ಒರ್ಸಕಿಲ್ಲ. ಕಾಲವಾದ್ಮೇಲೆ ಮಾವನೋರು ಮೈಸೂರಿಂದ ಫೋಟೋ ತಂದ್ರು."

ಸತ್ತ ಮೇಲೆ ಅವ್ವನ ಫೋಟೋ ಮೈಸೂರಿನಲ್ಲಿ ಹೇಗೆ ಸಿಕ್ಕಿತೆಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ನಂಗೆ ಕೊಡ್ತೀರಾ ಇದನ್ನ?"

ಪಕ್ಕದ ಮನೆಯ ಕರಿಯಪ್ಪ ಎಲೆಯಿಂದ ತಲೆಯೆತ್ತಿದ. "ಅವ್ರಜ್ಜಿ ಫೋಟೋ ನಿಮ್ಗ್ಯಾಕ್ರೀ?"

ನಿಜ ಹೇಳಲು ಜವರಯ್ಯ ಬಾಯಿ ತೆರೆದ. ಆದರೆ ಸಿನಿಮಾ ತಾರೆಗೆ ಮೂರು ತಲೆಮಾರು ತಲೆಮಾಂಸದ ಎಡೆ ಇಟ್ಟವರ ಮುಂದೆ ಅದನ್ನು ಹೇಳುವ ಎದೆ ಯಾರಿಗಿದ್ದೀತು? "ನಮ್ಮ ತಾತನ ಅವ್ವನೂ ಇವ್ರೇ ಇರ್ಬೇಕು," ಎಂದುಬಿಟ್ಟ. "ನಮ್ಮನೇಲಿ ಒಂದೂ ಫೋಟೋ ಇಲ್ಲ."

ಬೀರಮ್ಮ ಸೌಟು ಕೆಳಗಿಟ್ಟು ಅವನ ಎದುರಿಗೇ ಬಂದು ಕೂತಳು. "ಮಾವನೋರ ಅಣ್ಣ ಜಗಳ ಆಡ್ಕೊಂಡು ಊರು ಬುಟ್ಟೋಗಿದ್ರು. ನಿಮ್ಮ ಮನೆದೇವ್ರು ಯಾವ್ದು?"

"ಚಿಕ್ಕದೇವಮ್ಮ," ಎಂದ. ಅದೊಂದು ನಿಜವಾಗಿತ್ತು, ಕೆಡಿಸಿದ್ದೂ ಅದೇ.

"ನಮ್ದೂ ಅದೇ ಕಣೋ ಮಗಾ. ನಾನು ನಿನ್ಗೆ ಚಿಕ್ಕವ್ವ," ಎಂದು ಬೀರಮ್ಮ ಅಳತೊಡಗಿದಳು.

"ಮೂಗು ನೋಡಿ, ಆಯಮ್ಮಂದೇ ಅಚ್ಚು," ಎಂದ ಕರಿಯಪ್ಪ. ಆಯಮ್ಮನ ಮೂಗನ್ನು ನಲವತ್ತು ವರ್ಷಗಳಿಂದ ಯಾರೂ ಕಂಡಿರಲಿಲ್ಲ.

ಕಣ್ಣೊರೆಸಿಕೊಂಡ ಬೀರಮ್ಮ ಫೋಟೋದ ಕಟ್ಟನ್ನು ಹೊಸ ರವಿಕೆ ಕಣದಲ್ಲಿ ಸುತ್ತಿ ಜವರಯ್ಯನ ಕೈಗಿತ್ತಳು. "ಇರಿಯೋರು ದೊಡ್ಡ ಮಗನ ಮನೇಲೇ ಇರ್ಬೇಕು. ತಕೊಂಡೋಗು."

ಅಜ್ಜಿಯನ್ನು ಎದೆಗೆ ಕಟ್ಟಿಕೊಂಡು ಜವರಯ್ಯ ಹುಣಸೂರಿಗೆ ಹಾರಿದ. ಸುಳ್ಳು ಹೇಳಿದ ಸಂಕಟವೂ ಸಂತೋಷದಲ್ಲಿ ಕರಗಿಹೋಗಿತ್ತು. ಬಾಗಿಲು ಹಾಕಿಕೊಂಡು, ಕಟ್ಟಿನ ಹಿಂದಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಕಾರ್ಡಿನ ಬೆನ್ನು ನೋಡಿದ. ನಂಬರು ಮೂರು.

ಆಲ್ಬಮ್ಮಿನಲ್ಲಿ ಮೂರನೇ ನಂಬರು ತನ್ನ ಜಾಗದಲ್ಲಿ ಹಾಯಾಗಿ ಕೂತಿತ್ತು. ಏಳರ ಜಾಗ ಖಾಲಿಯೇ ಇತ್ತು. ಜವರಯ್ಯನಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಅಷ್ಟರಲ್ಲಿ ಬೀರಮ್ಮನ ಫೋನು, ಮನೆಗೆಲ್ಲ ಕೇಳುವಷ್ಟು ದೊಡ್ಡ ದನಿ. "ಅಜ್ಜಿ ಮನೆ ಸೇರಿದ್ರಾ ಮಗಾ?"

"ಚಿಕ್ಕವ್ವ, ಏನೋ ತಪ್ಪಾಗದೆ. ನಾಳೆ ವಾಪಸ್ ತಂದ್ಕೊಡ್ತೀನಿ."

"ವಸ್ಲು ದಾಟಿದ ಇರಿಯೋರ್ನ ವಾಪಸ್ ಕರ್ಕೊಳಕಾಯ್ತದಾ? ಮುಂದಿನ್ ವರ್ಸದಿಂದ ಎಡೆ ನಿಮ್ಮನೇಲೇ. ನಾವು ಇಪ್ಪತ್ತಾರು ಜನ. ಕರಿಯಪ್ಪಂಗೂ ಬರಾಕೆ ಏಳಿವ್ನಿ. ಆಯಮ್ಮಂಗೆ ತಲೆಮಾಂಸ ಅಂದ್ರೆ ಪ್ರಾಣ, ಮರೀಬ್ಯಾಡ."

ಬಾಗಿಲಾಚೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಪ್ರೇಮಮ್ಮ ಸದ್ದಿಲ್ಲದೆ ಏಣಿ ತಂದು ಅಟ್ಟಕ್ಕೆ ಒರಗಿಸಿದಳು.

"ಈಗ್ತಾನೆ ನಾನೇ ಏರ್ಸಿಟ್ಟಿವ್ನಿ," ಎಂದಳು. "ಅತ್ತಿ ನೋಡಿ, ಇಪ್ಪತ್ತೇಳು ಜನಕ್ಕೆ ಆ ಪಾತ್ರೆ ಸಾಲ್ತವಾ ಅಂತ."