ಹೆರಿಗೆ ವಿಭಾಗದ ನೋವಿನ ಪಟಕ್ಕೆ ಬಾಗಿಲ ಮಂಡಳಿಯ ಅಹವಾಲು

ಮಾನ್ಯರೇ,

ಅಮೆರಿಕದ ಮೆಂಫಿಸ್ ನಗರದ ಒಂದು ಆಸ್ಪತ್ರೆಯ (ಹೆಸರು ಬೇಡ, ಅಲ್ಲೇ ವಾಸವಿರುವ ತಮಗೆ ಗೊತ್ತೇ ಇದೆ) ಮೂರನೆಯ ಮಹಡಿಯಲ್ಲಿ, ಕೈತೊಳೆಯುವ ಬೇಸಿನ್ನಿಗೂ ಕ್ಯಾಲೆಂಡರಿಗೂ ನಡುವೆ ನಾಲ್ಕು ಮೊಳೆಗಳ ಆಧಾರದಲ್ಲಿ ಸುಖವಾಗಿ ನೆಲೆಸಿರುವ ತಮಗೆ, ನಮ್ಮ ಬೀದಿಯ ಚರ್ಚಿನಲ್ಲಿ ಬಾಗಿಲು ಕಾಯುವವರ ಮಂಡಳಿಗೆ ಹದಿನೇಳು ವರ್ಷಗಳಿಂದ ಅಧ್ಯಕ್ಷೆಯಾಗಿರುವ ಅರ್ನೆಸ್ಟೀನ್ ಪರ್ನೆಲ್ ಎಂಬ ನಾನು, ಬಿಳಿ ಕೈಗವಸು ತೊಟ್ಟು, ಟೋಪಿ ಸರಿಪಡಿಸಿಕೊಂಡು ಸಲ್ಲಿಸುವ ವಂದನೆಗಳು.

ಮೊದಲಿಗೆ ತಮ್ಮ ಗುಣಗಾನ ಮಾಡದಿದ್ದರೆ ನನ್ನ ನಾಲಿಗೆಗೆ ಸಮಾಧಾನವಿರದು. ಸೊನ್ನೆಯ ಕೆಳಗೆ ನಗುವ ಮುಖ, ಹತ್ತರ ಕೆಳಗೆ ಗೊಳೋ ಎಂದು ಅಳುವ ಮುಖ, ನಡುವೆ ನಾಲ್ಕು ಮುಖ. ನೋವೆಷ್ಟೆಂದು ರೋಗಿಗಳು ಬೆರಳಿಟ್ಟು ತೋರಿಸಲೆಂದು ಇಷ್ಟರಲ್ಲೇ ಮನುಷ್ಯರ ನೋವನ್ನೆಲ್ಲ ಅಡಗಿಸಿಟ್ಟ ತಮ್ಮ ಜಾಣ್ಮೆ ದೊಡ್ಡದು. ಅದಕ್ಕಿಂತ ದೊಡ್ಡದು ತಮ್ಮ ಬಣ್ಣ. ತಾವು ಕರಿಯರೂ ಅಲ್ಲ, ಬಿಳಿಯರೂ ಅಲ್ಲ, ಅಪ್ಪಟ ಹಳದಿ. ಪಕ್ಷಪಾತ ಮಾಡಿದಿರೆಂದು ತಮ್ಮ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ. ಹಾಗಿದ್ದೂ ತಮ್ಮ ಎಂಟರ ಅಂಕಿಯನ್ನು ಬಿಳಿಯ ಹೆಣ್ಣುಮಗಳು ಮುಟ್ಟಿದರೆ ಅದು ಎಂಟಾಗಿಯೇ ಉಳಿಯುತ್ತದೆ, ನಮ್ಮ ಕರಿಯರ ಹುಡುಗಿ ಮುಟ್ಟಿದರೆ ಕಾಗದಕ್ಕೆ ಹೋಗುವಷ್ಟರಲ್ಲಿ ಮೂರಾಗುತ್ತದೆ. ಈ ಕೈಚಳಕ ತಮ್ಮದೋ ಪೆನ್ನಿನದೋ ತಿಳಿಯದೆ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಂಗಿಯ ಮೊಮ್ಮಗಳು ಕೆಜಾಯಾಳನ್ನು ತಾವು ಎರಡು ಸಲ ನೋಡಿದ್ದೀರಿ. ಮೊದಲ ಸಲ, ಮೂರು ವರ್ಷದ ಹಿಂದೆ, ಏಳು ತಿಂಗಳ ಬಸುರಿಯಾಗಿ ತಲೆನೋವೆಂದು ಬಂದಿದ್ದಳು. ಹೊರಡುವ ಮುಂಚೆ ಅವಳ ತಲೆ ಬಾಚಿ, ಲಿಪ್‌ಸ್ಟಿಕ್ ಹಚ್ಚಿದವಳು ನಾನೇ. ನಮ್ಮಲ್ಲಿ ಹೆಣ್ಣುಮಕ್ಕಳನ್ನು ಆಸ್ಪತ್ರೆಗೆ ಕಳಿಸುವುದೇ ಹಾಗೆ. "ಚೆಂದ ಕಾಣು, ಮೆಲ್ಲಗೆ ಮಾತಾಡು, ಅಳಬೇಡ, ಅತ್ರೆ ಇವಳದ್ದು ರಂಪ ಅಂತಾರೆ" ಎಂದು ನನ್ನ ಅಮ್ಮ ನನಗೆ ಹೇಳಿದ್ದನ್ನೇ ನಾನೂ ಅವಳಿಗೆ ಹೇಳಿದೆ. ಅವಳು ಹೇಳಿದಂತೆಯೇ ನಡೆದಳು. ತಮ್ಮ ಎಂಟನ್ನು ಮುಟ್ಟಿ, ಮೆಲ್ಲಗೆ ಮಾತಾಡಿ, ಎರಡು ಮಾತ್ರೆ ತೆಗೆದುಕೊಂಡು ಮನೆಗೆ ಬಂದಳು. ನಾಲ್ಕನೆಯ ದಿನ ರಕ್ತದೊತ್ತಡ ಏರಿ, ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ಅಮೋಸ್ ಒಂಬತ್ತು ದಿನ ಇದ್ದ.

ಈ ದೇಶದಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಳ್ಳುವ ಕೂಸುಗಳು ಬಿಳಿಯರ ಮನೆಗಳಿಗಿಂತ ನಮ್ಮ ಮನೆಗಳಲ್ಲಿ ಎರಡು ಪಟ್ಟಿಗೂ ಹೆಚ್ಚಂತೆ. ತಾಯಿ ಎಷ್ಟು ಓದಿದ್ದರೂ, ಎಂಥ ಕೆಲಸದಲ್ಲಿದ್ದರೂ ಆ ಅಂತರ ಹೋಗುವುದಿಲ್ಲವಂತೆ. ಇದನ್ನು ಹೇಳಲು ದೊಡ್ಡ ದೊಡ್ಡವರು ಸಭೆ ಸೇರಿ ಊಟ ಮಾಡಿ ಹೋಗುತ್ತಾರೆ. ನಮಗೆ ಅದು ಚರ್ಚಿನ ಹಿಂದಿನ ಸ್ಮಶಾನದ ಪುಟ್ಟ ಕಲ್ಲುಗಳನ್ನು ನೋಡಿದರೆ ತಿಳಿಯುತ್ತದೆ.

ಎರಡನೆಯ ಸಲದ್ದು ಈ ಬೇಸಿಗೆಯ ಸಂಗತಿ. ಭಾನುವಾರ ಆರಾಧನೆಯ ವೇಳೆಗೆ ಬಾಗಿಲಲ್ಲಿ ನಿಂತಿದ್ದೆ. ಯಾರಿಗೆ ಬೀಸಣಿಗೆ ಬೇಕೆಂದು ಅವರಿಗಿಂತ ಮುಂಚೆ ತಿಳಿದುಕೊಳ್ಳುವುದೇ ನಮ್ಮ ಮಂಡಳಿಯ ಕೆಲಸ. ಮತ್ತೆ ಎಂಟು ತಿಂಗಳ ಬಸುರಿಯಾಗಿದ್ದ ಕೆಜಾಯಾ ಹಾಡುವವರ ಸಾಲಿನಲ್ಲಿದ್ದಳು. ಮುಖ ಊದಿತ್ತು, ಉಂಗುರ ಬೆರಳಿನಿಂದ ಕೊರಳ ಸರಕ್ಕೆ ಹೋಗಿತ್ತು. ಹಾಡು ಮುಗಿದದ್ದೇ ಪಕ್ಕಕ್ಕೆ ಕರೆದೆ.

"ತಲೆನೋವಾ?"

"ಸ್ವಲ್ಪ ಅಷ್ಟೇ, ಅಜ್ಜಿ."

"ಸ್ವಲ್ಪ ಅಂದ್ರೆ? ಕಣ್ಣ ಮುಂದೆ ಮಿಂಚುಹುಳ ಹಾರೋವಷ್ಟಾ?"

ಹುಡುಗಿ ಕಣ್ಣುಜ್ಜಿಕೊಂಡಳು.

"ನಡಿ ಮತ್ತೆ. ಲಿಪ್‌ಸ್ಟಿಕ್ ಒರೆಸ್ಕೋ."

ನಮ್ಮ ಮಂಡಳಿಯ ಒಟಿಸ್ ಬೀಮನ್, ಮೂವತ್ತು ವರ್ಷ ಅಂಚೆ ಹಂಚಿದ ಮನುಷ್ಯ, ಚರ್ಚಿನ ವ್ಯಾನು ಓಡಿಸಿದ. ಬಿಳಿ ಉಡುಪು, ಬಿಳಿ ಕೈಗವಸಿನಲ್ಲೇ ಮಂಡಳಿಯ ನಾವು ನಾಲ್ವರು ಅವಳನ್ನು ಕರೆದುಕೊಂಡು ತಮ್ಮ ಸನ್ನಿಧಿಗೆ ಬಂದೆವು. ಬಂದಾಗ ಅಳೆದ ರಕ್ತದೊತ್ತಡ ಹೆಚ್ಚಿತ್ತು. "ಗಾಬರಿಗೆ ಹಾಗಾಗತ್ತೆ, ಆಮೇಲೆ ಇನ್ನೊಂದ್ಸಲ ನೋಡೋಣ" ಎಂದರು ನರ್ಸಮ್ಮ. ಎರಡು ಗಂಟೆ ಕಳೆದರೂ ಆ "ಆಮೇಲೆ" ಬರಲಿಲ್ಲ. ಬಂದದ್ದು ಚಿಕ್ಕ ವಯಸ್ಸಿನ, ಬಹಳ ಮರ್ಯಾದಸ್ಥ ಡಾಕ್ಟರು. ಕೆಜಾಯಾ ತಮ್ಮ ಎಂಟನ್ನು ತೋರಿಸಿದಳು. "ಎಂಟು ಅನ್ನೋರು ಇಷ್ಟು ಸಮಾಧಾನವಾಗಿ ಕೂತಿರಲ್ಲಮ್ಮ. ಬಿಸಿಲಿನ ಆಯಾಸ, ಮನೆಗೆ ಹೋಗಿ ಮಲಗಿ" ಎಂದು ಬಾಗಿಲಿನ ಕಡೆ ತಿರುಗಿದರು.

ಆಗ ಒಟಿಸ್, "ಡಾಕ್ಟ್ರೇ, ಹೊರಡೋ ಮುಂಚೆ ಒಂದು ಪ್ರಾರ್ಥನೆ ಮಾಡ್ಬಿಡೋಣ" ಎಂದ.

ನಮ್ಮ ಕಡೆ ಪ್ರಾರ್ಥನೆಯ ನಡುವೆ ಎದ್ದು ಹೋಗುವ ಗಂಡಸು ಇನ್ನೂ ಹುಟ್ಟಿಲ್ಲ. ಎದ್ದವನನ್ನು ತಡೆಯಲೆಂದೇ ಅಲ್ಲವೇ ನಾವಿರುವುದು. ಅಭ್ಯಾಸಬಲದಿಂದ ನಾನು ಬಾಗಿಲು ಮುಚ್ಚಿ, ಅಂಗೈ ಎತ್ತಿ ನಿಂತೆ. ಡಾಕ್ಟರು ತಲೆ ತಗ್ಗಿಸಿದರು. ಒಟಿಸ್ ಕಣ್ಣು ಮುಚ್ಚಿ ಶುರುಮಾಡಿದ. ಡಾಕ್ಟರನ್ನು ಆಶೀರ್ವದಿಸಿದ, ಅವರ ತಾಯಿಯನ್ನು, ಅವರಿಗೆ ಪಾಠ ಹೇಳಿದವರನ್ನು, ಮಂಚವನ್ನು, ಬೇಸಿನ್ನನ್ನು, ತಮ್ಮನ್ನೂ ಆಶೀರ್ವದಿಸಿದ. "ತಂದೆಯೇ, ಮೂಲೆಯಲ್ಲಿರೋ ಆ ಒತ್ತಡದ ಯಂತ್ರಾನೂ ಆಶೀರ್ವದಿಸಪ್ಪ. ಎರಡು ಗಂಟೆಯಿಂದ ಅದನ್ನ ಯಾರೂ ಮುಟ್ಟಿಲ್ಲ, ಪಾಪ, ಒಂಟಿಯಾಗಿ ನಿಂತಿದೆ. ಅದರ ಮೇಲೆ ಯಾರಾದ್ರೂ ಕೈ ಇಡೋವರೆಗೂ ನಿನ್ನ ಸೇವಕನ ಗಂಟಲು ಆರದ ಹಾಗೆ ನೋಡ್ಕೋ." ಉಳಿದವರೆಲ್ಲ "ಹೌದು ತಂದೆಯೇ" ಎಂದೆವು. ಎಂಟನೆಯ ನಿಮಿಷಕ್ಕೆ ಡಾಕ್ಟರು ತಲೆ ತಗ್ಗಿಸಿಕೊಂಡೇ ಮೂಲೆಗೆ ಹೋಗಿ ಯಂತ್ರ ಎಳೆದುಕೊಂಡು ಬಂದು, ಹುಡುಗಿಯ ತೋಳಿಗೆ ಪಟ್ಟಿ ಸುತ್ತಿದರು. ನೂರಾ ಎಪ್ಪತ್ತೆಂಟು. ಆಮೆನ್ ಹೇಳಲು ಯಾರೂ ಉಳಿಯಲಿಲ್ಲ, ಎಲ್ಲರೂ ಓಡುತ್ತಿದ್ದರು.

ಮಗಳು ಅದೇ ಸಂಜೆ ಹುಟ್ಟಿದಳು. ನಾಲ್ಕು ಪೌಂಡು ತೂಕ. ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದಳು. ಈಗ ಹಸಿವಾದರೆ ಪಾದ್ರಿಗಳ ಉಪದೇಶವನ್ನೂ ಲೆಕ್ಕಿಸದೆ ಕಿರುಚುತ್ತಾಳೆ. ಸುಮ್ಮನಿರು ಎಂದು ಅವಳಿಗೆ ಯಾರೂ ಹೇಳಕೂಡದೆಂದು ಮಂಡಳಿ ಸರ್ವಾನುಮತದಿಂದ ನಿರ್ಣಯಿಸಿದೆ.

ಇನ್ನು ಕೆಲವು ಸಣ್ಣ ಬೇಡಿಕೆಗಳು. ದಯವಿಟ್ಟು ತಮಗೆ ಏಳನೆಯ ಮುಖವೊಂದು ಮೂಡಲಿ, ನೆಟ್ಟಗೆ ಕೂತು, "ನಂಗೇನಿಲ್ಲ ಸರ್, ಆದ್ರೂ..." ಎನ್ನುವ ಹೆಂಗಸಿನದು. ಸಾಧ್ಯವಾದರೆ ಎರಡು ಕಿವಿಯೂ ಇರಲಿ. ಅಷ್ಟೂ ಆಗದಿದ್ದರೆ ರಾತ್ರಿ ಮೊಳೆಯಿಂದಿಳಿದು ಕಾಗದದಲ್ಲಿನ ಮೂರುಗಳನ್ನು ತಿದ್ದಿಬಿಡಿ. ತಾವು ಕಲಿಯುವವರೆಗೆ ಕೈಕಟ್ಟಿ ಕೂರಲಾರೆವಾದ್ದರಿಂದ, ನಮ್ಮ ಬೀದಿಯ ಪ್ರತಿ ಬಸುರಿಯ ಜೊತೆ ಇನ್ನುಮುಂದೆ ಮಂಡಳಿಯ ಇಬ್ಬರು ಬರುತ್ತಾರೆ. ಹೆತ್ತ ಮೇಲೂ ಆರು ವಾರ ಸೂಪು ಹೊತ್ತು ಮನೆಗೆ ಹೋಗುತ್ತಾರೆ, ತಲೆನೋವೇ ಎಂದು ಕೇಳುತ್ತಾರೆ, "ಸ್ವಲ್ಪ" ಎಂಬ ಉತ್ತರವನ್ನು ನಂಬುವುದಿಲ್ಲ. ಅಮೋಸನಿಗೆ ನಾವು ಮಾಡದೆ ಉಳಿಸಿದ ಕೆಲಸವಿದು. ಇದರಲ್ಲಿ ನನ್ನ ತಪ್ಪಿನ ಪಾಲನ್ನು ತಮ್ಮ ಮೇಲೆ ಹೊರಿಸಲಾರೆ.

ಮೊಳೆಗಳು ಗಟ್ಟಿಯಾಗಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಅರ್ನೆಸ್ಟೀನ್ ಪರ್ನೆಲ್
ಅಧ್ಯಕ್ಷೆ, ಬಾಗಿಲ ಮಂಡಳಿ

ತಾಜಾ ಕಲಂ: ಕೋಣೆಗಳಲ್ಲಿ ಪ್ರಾರ್ಥನೆ ಎರಡು ನಿಮಿಷ ಮೀರಕೂಡದೆಂದು ತಮ್ಮ ಪಕ್ಕದಲ್ಲೇ ಹೊಸ ಫಲಕ ಬಂದಿದೆಯಂತೆ, ಸಂತೋಷ. ಒಟಿಸನಿಗೆ ಹೇಳಿದೆ. "ಧಾರಾಳವಾಯ್ತು ಅಕ್ಕ, ಒತ್ತಡ ಅಳೆಯೋಕೆ ಒಂದು ನಿಮಿಷ ಸಾಕು" ಎಂದ.